ಹಡ್ಸನ್ ಕೊಲ್ಲಿ: ಹಿಮಕ್ಕಿಂತ ಹಳೆಯ ತಗ್ಗು

ಕೆನಡಾದ ಉತ್ತರದಲ್ಲಿ ಖಂಡದ ಒಡಲೊಳಗೇ ಸೇರಿಕೊಂಡಿರುವ ಹಡ್ಸನ್ ಕೊಲ್ಲಿ ಸುಮಾರು 12 ಲಕ್ಷ ಚದರ ಕಿಲೋಮೀಟರ್ ಹರವಿನ ಕಡಲು. ಸರಾಸರಿ ಆಳ ಮಾತ್ರ 100 ಮೀಟರಿನ ಆಸುಪಾಸು. ಈ ತಗ್ಗನ್ನು ಮಾಡಿದ್ದು ಹಿಮಯುಗ ಎಂದು ಯಾರಿಗಾದರೂ ಅನ್ನಿಸೀತು. ಅನ್ನಿಸಲು ಕಾರಣವೂ ಇದೆ. ಸುಮಾರು 3 ಕಿಲೋಮೀಟರ್ ದಪ್ಪದ ಹಿಮ ಇಲ್ಲಿನ ನೆಲವನ್ನು ಅದುಮಿ ಕೂತಿತ್ತು. ಅದು ಕರಗಿ ಹತ್ತಿರ ಹತ್ತಿರ 8,000 ವರ್ಷಗಳಾದರೂ ನೆಲ ಇನ್ನೂ ಮೇಲೇಳುತ್ತಿದೆ, ಕೆಲವೆಡೆ ವರ್ಷಕ್ಕೆ ಒಂದು ಸೆಂಟಿಮೀಟರಿನಷ್ಟು. ಹಳೆಯ ಕಡಲತೀರಗಳು ಇಂದು ಅಲೆಗಳಿಂದ ದೂರ, ಒಳನಾಡಿನ ಎತ್ತರದಲ್ಲಿ ಸಾಲುಸಾಲಾಗಿ ಉಳಿದಿವೆ. ಆದರೆ ಹಿಮ ಅದುಮಿದ್ದು ಮೊದಲೇ ಇದ್ದ ತಗ್ಗನ್ನು. ಇದಕ್ಕೆ ಸಾಕ್ಷಿ ಕಡಲಡಿಯ ಕಲ್ಲು.

ತೈಲ ಹುಡುಕಿಕೊಂಡು ಹೋದವರು ಕೊಲ್ಲಿಯಲ್ಲಿ ಕೊರೆದದ್ದು ಬೆರಳೆಣಿಕೆಯ ಬಾವಿಗಳನ್ನು. ಆ ಬಾವಿಗಳೂ ಕಂಪನ ಸಮೀಕ್ಷೆಗಳೂ ತೋರಿಸಿದ್ದು ಸುಣ್ಣಕಲ್ಲು, ಡಾಲಮೈಟುಗಳ ಪದರಗಳನ್ನು. ಸುಮಾರು 45 ಕೋಟಿ ವರ್ಷಗಳ ಹಿಂದೆ, ಆರ್ಡೋವಿಷಿಯನ್ ಯುಗದಲ್ಲಿ ಕೂಡತೊಡಗಿ ಡೆವೋನಿಯನ್ ಯುಗದವರೆಗೂ ಕೂಡುತ್ತ ಬಂದ ಇವು ಅಂಚಿನಲ್ಲಿ ತೆಳು, ನಡುವೆ ಸುಮಾರು ಎರಡೂವರೆ ಕಿಲೋಮೀಟರ್ ದಪ್ಪ. ಇವುಗಳಲ್ಲಿ ಹೆಚ್ಚಿನವು ಆಳವಿಲ್ಲದ ಬೆಚ್ಚನೆಯ ನೀರಿನಲ್ಲಿ ಹುಟ್ಟಿದ ಶಿಲೆಗಳು. ಆಳವಿಲ್ಲದ ನೀರಿನಲ್ಲಿ ಅಷ್ಟು ದಪ್ಪದ ಕಲ್ಲು ಕೂಡಬೇಕಾದರೆ, ಮೇಲೆ ತುಂಬುತ್ತ ಬಂದಂತೆ ತಳ ಕೆಳಗೆ ಕುಸಿಯುತ್ತಲೇ ಇರಬೇಕು. ಉತ್ತರಾರ್ಧಗೋಳದ ಈಚಿನ ಹಿಮಯುಗಗಳ ವಯಸ್ಸು ಹೆಚ್ಚೆಂದರೆ 26 ಲಕ್ಷ ವರ್ಷ. ಈ ಕುಸಿತವನ್ನು ಅವುಗಳ ತಲೆಗೆ ಕಟ್ಟಲಾಗದು.

ಹಾಗಾದರೆ ಆಕಾಶದಿಂದ ಬಿದ್ದ ಬಂಡೆಯೇ? ಆಗ್ನೇಯ ದಡದ ನಸ್ತಪೋಕ ಕಮಾನು ಕೈವಾರದಲ್ಲಿ ಎಳೆದ ಗೆರೆಯಷ್ಟು ದುಂಡಗಿದೆ. 1960ರ ದಶಕದಲ್ಲಿ ಖಗೋಳವಿಜ್ಞಾನಿ ಸಿ. ಎಸ್. ಬೀಲ್ಸ್ ಇದನ್ನು ಅಪ್ಪಳಿಕೆಯ ಗುರುತೆಂದು ವಾದಿಸಿದರು. ಅದು ಮನಸ್ಸೆಳೆಯುವ ಊಹೆ, ಆದರೆ ಅಂಥ ಪೆಟ್ಟು ಬಿದ್ದಲ್ಲಿ ಸಿಗಬೇಕಾದ ಆಘಾತ ತಿಂದ ಖನಿಜಗಳಾಗಲಿ ಶಂಕುವಿನಾಕಾರದ ಬಿರುಕುಗಳಾಗಲಿ ಅಲ್ಲಿ ಸಿಕ್ಕಿಲ್ಲ. ನನಗೆ ಹೆಚ್ಚು ಒಪ್ಪುವುದು ಭೂಮಿಯೊಳಗಿನ ಕಥೆಯೇ. ಸುಮಾರು 180 ಕೋಟಿ ವರ್ಷಗಳ ಹಿಂದೆ ಸುಪೀರಿಯರ್ ಮತ್ತು ಚರ್ಚಿಲ್ ಎಂಬ ಪುರಾತನ ಭೂಖಂಡಗಳು ಇಲ್ಲಿ ಡಿಕ್ಕಿ ಹೊಡೆದು ಪರ್ವತಗಳೆದ್ದವು. ಕೊಲ್ಲಿಯೊಳಗಿನ ಬೆಲ್ಚರ್ ದ್ವೀಪಗಳ ಶಿಲಾಮಡಿಕೆಗಳು ಆ ಒತ್ತಡದ ಉಳಿಕೆ, ಕಮಾನು ಅದರ ಬಾಗು. ಆ ಘರ್ಷಣೆ ಬಿಟ್ಟುಹೋದ ದಪ್ಪನೆಯ, ಭಾರವಾದ ಬೇರು ಮುಂದೆ ತಳವನ್ನು ಕೆಳಗೆಳೆದಿರಬಹುದು ಎಂಬುದು ಒಂದು ವಿವರಣೆ. ಆದರೂ ಇಲ್ಲಿ ಗುರುತ್ವ ಕಡಿಮೆಯಿರುವುದನ್ನು, ಅದು ಅದುಮಿದ ನೆಲದ ಗುರುತೆಂದು, ಹಿಮದ ಪರವಾಗಿ ಮುಂದಿಡುವವರಿದ್ದಾರೆ. ಗುರುತ್ವ ಅಳೆಯುವ ಗ್ರೇಸ್ ಉಪಗ್ರಹಗಳ ಅಳತೆಯನ್ನು ಆಧರಿಸಿ 2007ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ಆ ಕೊರತೆಗೆ ಹಿಮದ ಪಾಲು ಶೇಕಡಾ 25ರಿಂದ 45. ಉಳಿದದ್ದಕ್ಕೆ ಕಾರಣ ಭೂಕವಚದ ಕೆಳಗಿನ ಮ್ಯಾಂಟಲಿನ ಚಲನೆಯಲ್ಲಿರಬೇಕು.