ಔರಾದ್‌ನಲ್ಲಿ ಮೀಸಲಾಗಿರುವುದು ಏನು?

ವಿಧಾನಸಭೆ ಚುನಾವಣೆ ಬಂದಾಗಲೆಲ್ಲ ಬೀದರ್ ಜಿಲ್ಲೆಯಲ್ಲಿ ಒಂದು ನಂಬಿಕೆ ಮತ್ತೆ ಚಾಲ್ತಿಗೆ ಬರುತ್ತದೆ. ಔರಾದ್ ರಿಸರ್ವ್ ಸೀಟು, ಅಲ್ಲಿ ಪರಿಶಿಷ್ಟ ಜಾತಿಯವರು ತಮ್ಮ ಶಾಸಕನನ್ನು ತಾವೇ ಆರಿಸಿಕೊಳ್ಳುತ್ತಾರೆ, ಬೀದರ್ ಮತ್ತು ಭಾಲ್ಕಿ ಉಳಿದವರ ಪಾಲಿನವು ಎಂಬುದು ಆ ನಂಬಿಕೆ. ಇದರ ಎರಡೂ ಭಾಗ ತಪ್ಪು. ಔರಾದ್‌ನಲ್ಲಿ ಮೀಸಲಾಗಿರುವುದು ಅಭ್ಯರ್ಥಿಯಾಗುವ ಅರ್ಹತೆ ಮಾತ್ರ, ಮತ ಹಾಕುವ ಹಕ್ಕಲ್ಲ. ಅಲ್ಲಿನ ಯಾವುದೇ ಮತಗಟ್ಟೆಯ ಮತದಾರರ ಪಟ್ಟಿ ತೆರೆದು ನೋಡಿದರೂ ಹೆಸರು, ತಂದೆ ಅಥವಾ ಗಂಡನ ಹೆಸರು, ಮನೆ ಸಂಖ್ಯೆ, ವಯಸ್ಸು, ಲಿಂಗ, ಗುರುತಿನ ಚೀಟಿಯ ಸಂಖ್ಯೆ ಇರುತ್ತವೆ. ಜಾತಿಯ ಕಾಲಂ ಇರುವುದಿಲ್ಲ. 2023ರ ಮೇ 10ರಂದು ಔರಾದ್‌ನಲ್ಲಿ ಲಿಂಗಾಯತರು, ಮರಾಠರು, ಮುಸ್ಲಿಮರು, ಗೊಂಡರು, ತಾಂಡಾಗಳ ಲಂಬಾಣಿಗಳು, ಎಡಗೈ–ಬಲಗೈ ಸಮುದಾಯದವರು ಒತ್ತಿದ್ದು ಒಂದೇ ಯಂತ್ರದ ಗುಂಡಿ. 2008ರಿಂದ ಸತತ ನಾಲ್ಕು ಸಲ ಅಲ್ಲಿಂದ ಗೆದ್ದ ಪ್ರಭು ಚವ್ಹಾಣ್ ಅವರನ್ನು ಗೆಲ್ಲಿಸಿದ್ದು ಈ ಎಲ್ಲರ ಮತ.

ಇನ್ನು ಸಾಮಾನ್ಯ ಕ್ಷೇತ್ರ. ಭಾಲ್ಕಿಯಲ್ಲಾಗಲಿ ಬೀದರ್‌ನಲ್ಲಾಗಲಿ ಪರಿಶಿಷ್ಟರು ಸ್ಪರ್ಧಿಸಬಾರದೆಂದು ಯಾವ ಕಾನೂನೂ ಹೇಳುವುದಿಲ್ಲ. ವಿಧಾನಸಭೆಗೆ ನಾಮಪತ್ರ ಸಲ್ಲಿಸುವವರು 10,000 ರೂಪಾಯಿ ಠೇವಣಿ ಕಟ್ಟಬೇಕು, ಪರಿಶಿಷ್ಟರಾದರೆ 5,000. ಈ ರಿಯಾಯಿತಿ ಸಾಮಾನ್ಯ ಕ್ಷೇತ್ರದಲ್ಲೂ ಸಿಗುತ್ತದೆ ಎಂದ ಮೇಲೆ, ಅವರು ಅಲ್ಲಿ ನಿಲ್ಲುತ್ತಾರೆಂದು ಕಾನೂನು ಮೊದಲೇ ಎಣಿಸಿದೆ ಎಂದಾಯಿತು. ಈ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. 1957ರಲ್ಲಿ ಆಂಧ್ರದ ಪಾರ್ವತೀಪುರಂ ದ್ವಿಸದಸ್ಯ ಕ್ಷೇತ್ರದ ಮೀಸಲು ಸ್ಥಾನದ ಜೊತೆಗೆ ಸಾಮಾನ್ಯ ಸ್ಥಾನವನ್ನೂ ಪರಿಶಿಷ್ಟ ಪಂಗಡದ ಅಭ್ಯರ್ಥಿಯೇ ಗೆದ್ದರು. ಸೋತ ವಿ.ವಿ. ಗಿರಿ, ಮುಂದೆ ರಾಷ್ಟ್ರಪತಿಯಾದವರು, ತಕರಾರು ಎತ್ತಿದರು. ಸಾಮಾನ್ಯ ಸ್ಥಾನ ಎಲ್ಲರಿಗೂ ತೆರೆದದ್ದು ಎಂದು ನ್ಯಾಯಾಲಯ ಅವರ ವಾದವನ್ನು ತಳ್ಳಿಹಾಕಿತು. 1961ರಲ್ಲಿ ದ್ವಿಸದಸ್ಯ ಕ್ಷೇತ್ರಗಳೇ ರದ್ದಾದವು.

ಔರಾದ್‌ನಲ್ಲಿ ಪರಿಶಿಷ್ಟರೇ ಬಹುಸಂಖ್ಯಾತರು, ಅದಕ್ಕೇ ಮೀಸಲು ಎಂದು ವಾದಿಸುವವರಿದ್ದಾರೆ. 2002ರ ಕ್ಷೇತ್ರ ಪುನರ್ವಿಂಗಡಣೆ ಕಾಯ್ದೆ ಬಹುಮತ ಕೇಳುವುದಿಲ್ಲ. ರಾಜ್ಯದ ಬೇರೆ ಬೇರೆ ಭಾಗಗಳಿಗೆ ಹಂಚಿಕೆಯಾಗುವಂತೆ, ಪರಿಶಿಷ್ಟರ ಪ್ರಮಾಣ ತುಲನಾತ್ಮಕವಾಗಿ ಹೆಚ್ಚಿರುವ ಕಡೆ ಮೀಸಲಿಡಬೇಕು ಎನ್ನುತ್ತದೆ, ಅಷ್ಟೆ. 2008ಕ್ಕೆ ಮುಂಚೆ ಈ ಜಿಲ್ಲೆಯ ಮೀಸಲು ಕ್ಷೇತ್ರ ಹುಲಸೂರ. ಪುನರ್ವಿಂಗಡಣೆಯಲ್ಲಿ ಆ ಕ್ಷೇತ್ರವೇ ಇಲ್ಲವಾಗಿ ಬೀದರ್ ದಕ್ಷಿಣ ಹುಟ್ಟಿತು, ಮೀಸಲಾತಿ ಔರಾದ್‌ಗೆ ಬಂತು. ರಾಮಚಂದ್ರ ವೀರಪ್ಪ 1991ರಿಂದ 2004ರವರೆಗೆ ಸತತ ಐದು ಸಲ ಗೆದ್ದ ಬೀದರ್ ಲೋಕಸಭಾ ಕ್ಷೇತ್ರ ಮೀಸಲಾಗಿತ್ತು. 2009ರಲ್ಲಿ ಅದು ಸಾಮಾನ್ಯವಾಗಿ ಧರ್ಮಸಿಂಗ್ ಗೆದ್ದರು, ಮೀಸಲಾದ ಪಕ್ಕದ ಗುಲ್ಬರ್ಗದಲ್ಲಿ ಮಲ್ಲಿಕಾರ್ಜುನ ಖರ್ಗೆ ಗೆದ್ದರು. ಮತದಾರರು ಬಹುಪಾಲು ಅವರೇ, ಊರುಗಳೂ ಬಹುಪಾಲು ಅವೇ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದು ದಿಕ್ಕಿನಿಂದ ಬರುತ್ತದೆ. ಎಲ್ಲರೂ ಮತ ಹಾಕುವುದಾದರೆ ಪರಿಶಿಷ್ಟರಲ್ಲದವರಿಗೆ ಒಪ್ಪಿಗೆಯಾಗುವ ಅಭ್ಯರ್ಥಿಯೇ ಗೆಲ್ಲುವುದಿಲ್ಲವೇ? ಅಂಬೇಡ್ಕರ್ ಅವರ ಆತಂಕವೂ ಇದೇ ಆಗಿತ್ತು. 1932ರ ಕೋಮುವಾರು ತೀರ್ಪು ದಲಿತರಿಗೆ ಪ್ರತ್ಯೇಕ ಮತಕ್ಷೇತ್ರ ಕೊಟ್ಟಿತ್ತು. ಗಾಂಧೀಜಿಯ ಉಪವಾಸದ ಒತ್ತಡದಲ್ಲಿ ಸೆಪ್ಟೆಂಬರ್ 24ರ ಪೂನಾ ಒಪ್ಪಂದ ಅದನ್ನು ತೆಗೆದು, ಪ್ರಾಂತೀಯ ಸಭೆಗಳ ಸ್ಥಾನಗಳನ್ನು 71ರಿಂದ 148ಕ್ಕೆ ಏರಿಸಿ ಜಂಟಿ ಮತದಾನ ತಂದಿತು. ಇಂದಿನ ಔರಾದ್ ಆ ಒಪ್ಪಂದದ ಕೂಸು. ಆ ಆತಂಕ ನಿಜವೆಂದೇ ನಾನು ಒಪ್ಪುತ್ತೇನೆ. ಆದರೆ ಅದರ ಬೇರು ಮತಗಟ್ಟೆಗಿಂತ ಹೆಚ್ಚಾಗಿ ಪಕ್ಷಗಳು ಟಿಕೆಟ್ ಹಂಚುವ ಕೋಣೆಯಲ್ಲಿದೆ. ಹೇಳಿದಂತೆ ಕೇಳುವವರನ್ನು ಹುಡುಕುವ ಪಕ್ಷ ಮೀಸಲು ಕ್ಷೇತ್ರದಲ್ಲೂ ಅವರನ್ನೇ ಹುಡುಕುತ್ತದೆ. ಜಂಟಿ ಮತದಾನಕ್ಕೆ ಇನ್ನೊಂದು ಗುಣವೂ ಇದೆ. ರಷ್ಯಾದ ದಾಗೆಸ್ತಾನ್ ಗಣರಾಜ್ಯ 1990ರ ದಶಕದಲ್ಲಿ ತನ್ನ ಶಾಸನಸಭೆಯ ಕೆಲವು ಕ್ಷೇತ್ರಗಳಲ್ಲಿ ಒಂದೇ ಜನಾಂಗದವರು ಸ್ಪರ್ಧಿಸಬೇಕು, ಎಲ್ಲ ಜನಾಂಗದವರೂ ಮತ ಹಾಕಬೇಕು ಎಂಬ ಏರ್ಪಾಡು ಮಾಡಿತ್ತು. ಹಲವು ಭಾಷಿಕರು ಬೆರೆತು ಬಾಳುವ ಆ ಗುಡ್ಡಗಾಡಿನಲ್ಲಿ ಅಭ್ಯರ್ಥಿ ಪರಜನಾಂಗದ ಮನೆಬಾಗಿಲಿಗೂ ಹೋಗಲೇಬೇಕಿತ್ತು.

ತಪ್ಪು ನಂಬಿಕೆಯಿಂದ ಆಗುವ ಕೇಡು ಸಣ್ಣದಲ್ಲ. 2011ರ ಜನಗಣತಿಯ ಪ್ರಕಾರ ಜಿಲ್ಲೆಯ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಯವರು ಸುಮಾರು ಶೇ 23. ಆರು ಕ್ಷೇತ್ರಗಳಲ್ಲಿ ಮೀಸಲು ಒಂದೇ. ಅಂದರೆ ಜಿಲ್ಲೆಯ ಪರಿಶಿಷ್ಟರಲ್ಲಿ ಹೆಚ್ಚಿನವರು ಇರುವುದೇ ಸಾಮಾನ್ಯ ಕ್ಷೇತ್ರಗಳಲ್ಲಿ. ಭಾಲ್ಕಿಯ ದಲಿತ ಕೇರಿಗೆ ನೀರಿನ ಪೈಪು, ಸ್ಮಶಾನಕ್ಕೆ ದಾರಿ ಬೇಕಾದರೆ ಕೇಳಬೇಕಾದದ್ದು ಭಾಲ್ಕಿಯ ಶಾಸಕರನ್ನೇ. ಔರಾದ್‌ನ ಲಿಂಗಾಯತ, ಮರಾಠ ರೈತರಿಗೂ ಅಲ್ಲಿನ ಶಾಸಕರ ಮೇಲೆ ಅಷ್ಟೇ ಹಕ್ಕಿದೆ.

ಔರಾದ್‌ನ ಉಳಿದವರಿಗೆ ಸ್ಪರ್ಧೆಯ ಬಾಗಿಲು ಶಾಶ್ವತವಾಗಿ ಮುಚ್ಚಿತಲ್ಲ ಎಂಬ ದೂರಿನಲ್ಲಿ ಅರ್ಧ ಸತ್ಯವಿದೆ. ಪಂಚಾಯಿತಿಗಳಲ್ಲಿ ಮೀಸಲಾತಿ ಸರದಿಯಂತೆ ಬದಲಾಗುತ್ತದೆ, ವಿಧಾನಸಭೆಯಲ್ಲಿ ಮುಂದಿನ ಪುನರ್ವಿಂಗಡಣೆಯವರೆಗೂ ನಿಂತಲ್ಲೇ ನಿಲ್ಲುತ್ತದೆ. ಆದರೆ ಔರಾದ್‌ನ ಯಾರೇ ಆಗಲಿ ಪಕ್ಕದ ಭಾಲ್ಕಿಯಲ್ಲೋ ಬೀದರ್‌ನಲ್ಲೋ ನಾಮಪತ್ರ ಸಲ್ಲಿಸಬಹುದು. ರಾಜ್ಯದ ಯಾವುದೇ ಕ್ಷೇತ್ರದ ಮತದಾರನಾಗಿದ್ದರೆ ಸಾಕು. 2026ರ ನಂತರದ ಮೊದಲ ಜನಗಣತಿಯ ಆಧಾರದಲ್ಲಿ ಗಡಿಗಳನ್ನು ಮತ್ತೆ ಎಳೆದಾಗ, ಹುಲಸೂರದಿಂದ ಔರಾದ್‌ಗೆ ಬಂದ ಮೀಸಲಾತಿ ಬೇರೆ ತಾಲ್ಲೂಕಿಗೂ ಹೋಗಬಹುದು. ಸಂವಿಧಾನದ 334ನೇ ವಿಧಿಯಂತೆ ಈ ಮೀಸಲಾತಿಯ ಈಗಿನ ಅವಧಿ 2030ರ ಜನವರಿಗೆ ಮುಗಿಯುತ್ತದೆ, ಮುಂದುವರಿಸಬೇಕೇ ಎಂಬುದನ್ನು ಸಂಸತ್ತು ಅಷ್ಟರೊಳಗೆ ತೀರ್ಮಾನಿಸಬೇಕು.