ಜೀವಕೋಶದೊಳಗೆ ಬೆಳಗುವ ರೋಡಮೀನ್

2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗಳಿಗೆ ಕೃತಕ ಬಣ್ಣ ಹಾಕಬಾರದೆಂದು ಆದೇಶಿಸಿದಾಗ ರೋಡಮೀನ್-ಬಿ ಎಂಬ ಹೆಸರು ಮನೆಮಾತಾಯಿತು. ಹಾನಗಲ್ಲಿರಲಿ, ಹಿರೇಕೆರೂರಿರಲಿ, ಈ ಬಣ್ಣ ಯಾರ ಹೊಟ್ಟೆಗೂ ಹೋಗಬಾರದು. ಆದರೆ ಅದೇ ಕುಲದ ಅಣುಗಳು ಪ್ರಯೋಗಾಲಯದಲ್ಲಿ ಜೀವಕೋಶದ ಒಳಗನ್ನು ಕಣ್ಣಿಗೆ ಕಾಣಿಸುತ್ತಿವೆ.

ಅದು ಹೇಗೆಂದು ತಿಳಿಯಲು ಸವಣೂರಿನ ವೀಳ್ಯದೆಲೆ ಸಾಕು. ಎಲೆಯನ್ನು ಜಜ್ಜಿ ಸ್ಪಿರಿಟ್‌ನಲ್ಲಿ ನೆನೆಸಿ, ಸೋಸಿ, ಕತ್ತಲಲ್ಲಿ ನೋಟು ಪರೀಕ್ಷಿಸುವ ನೇರಳೆ ಟಾರ್ಚ್ ಬಿಡಿ (ಒಲೆ, ದೀಪ ಹತ್ತಿರ ಬೇಡ). ಹಸಿರು ದ್ರವ ಕೆಂಪಗೆ ಹೊಳೆಯುತ್ತದೆ. ಪತ್ರಹರಿತ್ತು ಬೆಳಕನ್ನು ಹೀರಿ, ಸ್ವಲ್ಪ ಶಕ್ತಿಯನ್ನು ಶಾಖವಾಗಿ ಕಳೆದುಕೊಂಡು, ಉಳಿದದ್ದರಲ್ಲಿ ಒಂದಿಷ್ಟನ್ನು ಕೆಂಪು ಬೆಳಕಾಗಿ ಬಿಡುತ್ತದೆ. ಇದೇ ಪ್ರತಿದೀಪ್ತಿ.

ಹೀಗೆ ಹೊಳೆಯುವ ಬಣ್ಣವನ್ನು ಕೋಶದ ಭಾಗಗಳಿಗೆ ಅಂಟಿಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಆದರೆ ಮಸೂರ ಎಷ್ಟೇ ಒಳ್ಳೆಯದಿರಲಿ, ಸುಮಾರು 200 ನ್ಯಾನೋಮೀಟರ್‌ಗಿಂತ ಹತ್ತಿರದ ಎರಡು ಚುಕ್ಕೆಗಳು ಒಂದಾಗಿ ಕಲೆತುಬಿಡುತ್ತವೆ. 1873ರಲ್ಲಿ ಭೌತವಿಜ್ಞಾನಿ ಅರ್ನ್ಸ್ಟ್ ಅಬೆ ತೋರಿಸಿಕೊಟ್ಟ ಮಿತಿ ಇದು. ಇದನ್ನು ದಾಟಿದವರಿಗೆ 2014ರ ನೊಬೆಲ್ ಬಂತು. ಅವರ ಒಂದು ಉಪಾಯ: ಎಲ್ಲ ಅಣುಗಳೂ ಒಟ್ಟಿಗೆ ಬೆಳಗದೆ ಸರದಿಯಲ್ಲಿ ಮಿನುಗಲಿ, ಪ್ರತಿ ಮಿನುಗಿನ ನಡುಬಿಂದು ಗುರುತಿಸಿ ಸಾವಿರಾರು ಚಿತ್ರಗಳನ್ನು ಕೂಡಿಸೋಣ. ಅಂದರೆ ಹೊರೆಯೆಲ್ಲ ಬಣ್ಣದ ಮೇಲೆ ಬಿತ್ತು. ಅದು ಪ್ರಖರವಾಗಿರಬೇಕು, ಬೇಗ ಮಾಸಬಾರದು, ಕೋಶದ ಪೊರೆಯನ್ನೂ ದಾಟಬೇಕು.

ಇಲ್ಲಿಂದ ಮುಂದಿನದು ರಸಾಯನಶಾಸ್ತ್ರಜ್ಞರ ಕೈಚಳಕ, ನನಗೆ ಅತಿ ಬೆರಗಿನ ಭಾಗವೂ ಇದೇ. ರೋಡಮೀನ್‌ನ ಎರಡು ಬದಿಗೂ ಸಾರಜನಕದ ಗುಂಪುಗಳಿವೆ. ಬೆಳಕು ಹೀರಿದಾಗ ಅವು ತಿರುಚಿಕೊಂಡು ಶಕ್ತಿ ಪೋಲಾಗುತ್ತದೆ. ಅಮೆರಿಕದ ಜನೇಲಿಯಾ ಸಂಸ್ಥೆಯ ಲ್ಯೂಕ್ ಲೇವಿಸ್ ತಂಡ 2015ರಲ್ಲಿ ಅಲ್ಲಿ ನಾಲ್ಕು ಪರಮಾಣುಗಳ ಪುಟ್ಟ ಉಂಗುರ ಕೂಡಿಸಿತು. ತಿರುಚು ನಿಂತಿತು, ಹೀರಿದ ಬೆಳಕಿನಲ್ಲಿ ಮರಳುವ ಪಾಲು 0.41ರಿಂದ 0.88ಕ್ಕೇರಿತು. ನಡುವಿನ ಆಮ್ಲಜನಕದ ಜಾಗಕ್ಕೆ ಸಿಲಿಕಾನ್ ತಂದರೆ ಬಣ್ಣ ಕಡುಗೆಂಪಿಗೆ ಸರಿಯುತ್ತದೆ. ಕೆಂಪು ಬೆಳಕು ಕೋಶಕ್ಕೆ ಕಡಿಮೆ ಹಾನಿ ಮಾಡುತ್ತದೆ.

ಇಂಥ ಬಣ್ಣಗಳ ತಯಾರಿಗೆ ಬುನಾದಿ 1871ರಲ್ಲಿ ಜರ್ಮನ್ ರಸಾಯನಶಾಸ್ತ್ರಜ್ಞ ಬೇಯರ್ ಮಾಡಿದ ಫ್ಲೋರೆಸಿನ್ ಎಂಬ ಬಣ್ಣ. ಅದರ ಎರಡು ಹೈಡ್ರಾಕ್ಸಿಲ್‌ ಗುಂಪುಗಳನ್ನು ಸುಲಭವಾಗಿ ಕಳಚುವ ಟ್ರೈಫ್ಲೇಟ್ ಗುಂಪುಗಳಾಗಿ ಬದಲಿಸಿ, ಪಲ್ಲಾಡಿಯಂ ವೇಗವರ್ಧಕದ ನೆರವಿನಿಂದ ಬೇಕಾದ ಸಾರಜನಕದ ಗುಂಪನ್ನು ಜೋಡಿಸುತ್ತಾರೆ. ನಂತರ ಕ್ರೊಮ್ಯಾಟೋಗ್ರಫಿಯಿಂದ ಶುದ್ಧಗೊಳಿಸಿ ಕತ್ತಲಲ್ಲಿ, ತಂಪಿನಲ್ಲಿ ಇಡುತ್ತಾರೆ.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಸಂಶೋಧನಾ ಕೇಂದ್ರದ ತಂಡವೊಂದು ಇನ್ನೊಂದು ದಾರಿ ಹಿಡಿದಿದೆ: ಕುಂಬಳಕಾಯಿ ಆಕಾರದ ಟೊಳ್ಳು ಅಣುವಿನೊಳಗೆ ಬೇರೊಂದು ಅಣುವನ್ನು ಕೂರಿಸಿ, ಆ ಜೋಡಿಯ ಮೂಲಕ ಬಣ್ಣವನ್ನು ಕೋಶದ ಗುರಿಗೆ ಅಂಟಿಸುವುದು.