ಹಿರಿಯರಿಗಾಗಿ ಒಂದು ಕ್ರೋಶಾ ಸ್ವೆಟರ್

ಪುಣೆಯ ಚಳಿಗೆ ಅದರದೇ ಆದ ಸ್ವಭಾವವಿದೆ. ಡಿಸೆಂಬರ್–ಜನವರಿ ತಿಂಗಳುಗಳಲ್ಲಿ ಬೆಳಗಿನ ಜಾವದ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಇಳಿದರೂ ಮಧ್ಯಾಹ್ನದ ಹೊತ್ತಿಗೆ 30ರ ಸಮೀಪಕ್ಕೆ ಏರಿಬಿಡುತ್ತದೆ. ಆದುದರಿಂದ ಇಲ್ಲಿ ಬೇಕಾದುದು ದಪ್ಪನೆಯ ತುಂಬುತೋಳಿನ ಸ್ವೆಟರಲ್ಲ. ಮುಂಜಾನೆ ಧರಿಸಿ, ಬಿಸಿಲೇರಿದೊಡನೆ ಸುಲಭವಾಗಿ ತೆಗೆದಿಡಬಹುದಾದ ಹಗುರವಾದ ಉಡುಪು. ವಯಸ್ಸಾದವರ ವಿಷಯದಲ್ಲಿ ಈ ‘ಸುಲಭವಾಗಿ’ ಎಂಬ ಮಾತಿಗೆ ವಿಶೇಷವಾದ ಅರ್ಥವಿದೆ.

ನಮ್ಮ ಅತ್ತೆಯವರಿಗೆ ಬಲಭುಜ ಹಿಡಿದುಕೊಂಡಿದೆ. ವೈದ್ಯರು ‘ಫ್ರೋಜನ್ ಶೋಲ್ಡರ್’ ಎಂದು ಕರೆಯುವ ಈ ತೊಂದರೆ 40ರಿಂದ 60ರ ವಯಸ್ಸಿನಲ್ಲಿ ಹೆಚ್ಚಾಗಿ ಆರಂಭವಾಗುತ್ತದೆ. ಮಧುಮೇಹವುಳ್ಳವರಲ್ಲಿ ಇತರರಿಗಿಂತ ಅಧಿಕ. ತೋಳನ್ನು ಮೇಲೆತ್ತುವುದೇ ಕಷ್ಟವಾದಾಗ, ತಲೆಯ ಮೇಲಿಂದ ಹಾಕಿಕೊಳ್ಳುವ ಸ್ವೆಟರ್ ಎಷ್ಟು ಬೆಚ್ಚಗಿದ್ದರೇನು? ಅದು ಕಪಾಟಿನಲ್ಲಿಯೇ ಉಳಿಯುತ್ತದೆ. ಹಿರಿಯರು ಸೆರಗನ್ನು ಬಿಗಿಯಾಗಿ ಹೊದ್ದುಕೊಂಡು ಚಳಿಯಲ್ಲಿಯೇ ಕುಳಿತುಕೊಳ್ಳುತ್ತಾರೆ. ಇಂಥವರಿಗೆ ಮುಂಭಾಗ ತೆರೆದಿರುವ, ಕಂಕುಳು ಸಡಿಲವಾಗಿರುವ, ತೋಳಿಲ್ಲದ ಸ್ವೆಟರೇ ಯೋಗ್ಯ. ಕ್ರೋಶಾ ಕಡ್ಡಿಯನ್ನು ಈವರೆಗೆ ಹಿಡಿಯದವರೂ ಅದನ್ನು ಹೆಣೆಯಬಹುದೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಕ್ರೋಶಾ ಹಳೆಯ ಕಲೆಯೆಂದು ನಾವು ಭಾವಿಸುತ್ತೇವೆ; ವಾಸ್ತವದಲ್ಲಿ ಅದು ಜನಪ್ರಿಯವಾದುದು 19ನೆಯ ಶತಮಾನದಲ್ಲಿ. 1840ರ ದಶಕದ ಭೀಕರ ಕ್ಷಾಮದಲ್ಲಿ ಐರ್ಲೆಂಡಿನ ಬಡ ಕುಟುಂಬಗಳಿಗೆ ಕ್ರೋಶಾ ಲೇಸು ಜೀವನಾಧಾರವಾಯಿತು. ನಮ್ಮ ದೇಶದಲ್ಲಿ ಆಂಧ್ರದ ನರಸಾಪುರಕ್ಕೆ ಇದನ್ನು ತಂದವರು ಕ್ರೈಸ್ತ ಮಿಶನರಿಗಳು. ಅಲ್ಲಿಯ ಹೆಂಗಸರ ಬಗ್ಗೆ ಮರಿಯಾ ಮೀಸ್ ಅವರು 1982ರಲ್ಲಿ ಪ್ರಕಟಿಸಿದ ಅಧ್ಯಯನವು, ದಿನವಿಡೀ ದುಡಿದರೂ ಅವರ ಕೆಲಸವನ್ನು ‘ಬಿಡುವಿನ ವೇಳೆಯ ಕಸುಬು’ ಎಂದೇ ಎಣಿಸಲಾಗುತ್ತಿತ್ತೆಂಬುದನ್ನು ಎತ್ತಿ ತೋರಿಸಿತು. ಎರಡು ಕಡ್ಡಿಗಳ ಹೆಣಿಗೆಯನ್ನು ಯಂತ್ರಗಳು ಎಂದೋ ವಶಮಾಡಿಕೊಂಡಿವೆ. ಅಂಗಡಿಗೆ ಬರುವ ನಿಜವಾದ ಕ್ರೋಶಾ ವಸ್ತುವಾದರೋ ಇಂದಿಗೂ ಯಾರದೋ ಕೈಗಳು ಹೆಣೆದುದೇ ಆಗಿರುತ್ತದೆ. ಅದರ ಬೆಲೆ ಕೇಳಿ ಹುಬ್ಬೇರಿಸುವವರು ಇದನ್ನು ನೆನಪಿನಲ್ಲಿಡಬೇಕು.

ಇನ್ನು ಕೆಲಸಕ್ಕೆ ಬರೋಣ. ರವಿವಾರ ಪೇಟೆಯಲ್ಲಾಗಲಿ ತುಳಶಿಬಾಗಿನಲ್ಲಾಗಲಿ ಕಡ್ಡಿ ಕೊಳ್ಳುವಾಗ ಬರಿಯ ನಂಬರು ಕೇಳಬೇಡಿರಿ. ಇಂಗ್ಲೆಂಡಿನ ಹಳೆಯ ಪದ್ಧತಿಯಲ್ಲಿ ನಂಬರು ಹೆಚ್ಚಿದಂತೆ ಕಡ್ಡಿ ಸಪೂರವಾಗುತ್ತದೆ, ಅಮೆರಿಕದ ಪದ್ಧತಿಯಲ್ಲಿ ದಪ್ಪವಾಗುತ್ತದೆ. 4.5 ಮಿಲಿಮೀಟರಿನ ಅಲ್ಯೂಮಿನಿಯಮ್ ಕಡ್ಡಿ ಎಂದು ಕೇಳಿದರೆ ಗೊಂದಲವಿಲ್ಲ. ನೂಲು ಮಧ್ಯಮ ದಪ್ಪದ್ದಾಗಿರಲಿ, ಬಣ್ಣ ತಿಳಿಯಾಗಿರಲಿ. ಕಪ್ಪು ಅಥವಾ ಕಡುನೀಲಿ ನೂಲಿನಲ್ಲಿ ಕೊಂಡಿಗಳು ಕಾಣುವುದಿಲ್ಲ. ನಲವತ್ತು ದಾಟಿದ ಕಣ್ಣುಗಳಿಗಂತೂ ರಾತ್ರಿಯ ದೀಪದಲ್ಲಿ ಅದು ಶಿಕ್ಷೆಯೇ ಸರಿ.

ಕಲಿಯಬೇಕಾದ ಹೆಣಿಗೆಗಳು ಎರಡೇ: ಸರಪಳಿ ಮತ್ತು ಕಂಬ. ಪುಣೆಯ ನೆರೆಹೊರೆಯವರು ಇವನ್ನೇ ‘ಸಾಖಳಿ’, ‘ಖಾಂಬ’ ಎನ್ನುವುದರಿಂದ ಸಂದೇಹ ಬಂದಾಗ ಪಕ್ಕದ ಮನೆಯ ಆಜಿಯವರನ್ನು ಕೇಳಲು ಭಾಷೆಯ ತೊಡಕಿಲ್ಲ. ಕಡ್ಡಿಯ ಮೇಲಿರುವ ಕುಣಿಕೆಯೊಳಗಿಂದ ದಾರವನ್ನು ಎಳೆದರೆ ಒಂದು ಸರಪಳಿ ಕೊಂಡಿಯಾಯಿತು. ಕಂಬಕ್ಕೆ ದಾರವನ್ನು ಕಡ್ಡಿಗೆ ಒಂದು ಸುತ್ತು ಹಾಕಿ, ಕಡ್ಡಿಯನ್ನು ಕೆಳಗಿನ ಕೊಂಡಿಯಲ್ಲಿ ತೂರಿಸಿ ದಾರವನ್ನೆಳೆಯಬೇಕು. ಕಡ್ಡಿಯ ಮೇಲೆ ಮೂರು ಕುಣಿಕೆಗಳಾಗುತ್ತವೆ. ಮತ್ತೆ ದಾರ ಹಿಡಿದು ಎರಡು ಕುಣಿಕೆಗಳೊಳಗಿಂದ, ಇನ್ನೊಮ್ಮೆ ಹಿಡಿದು ಉಳಿದ ಎರಡರೊಳಗಿಂದ ಎಳೆದರೆ ಕಂಬ ಸಿದ್ಧ. ಇಂಗ್ಲೆಂಡಿನ ಪುಸ್ತಕಗಳು ಇದನ್ನು ‘ಟ್ರೆಬಲ್’ ಎಂದೂ ಅಮೆರಿಕದವು ‘ಡಬಲ್ ಕ್ರೋಶೆ’ ಎಂದೂ ಕರೆಯುತ್ತವೆ. ಇಂಗ್ಲೆಂಡಿನ ‘ಡಬಲ್ ಕ್ರೋಶೆ’ಯಾದರೋ ಬೇರೆಯೇ ಆದ ಗಿಡ್ಡ ಹೆಣಿಗೆ. ಮಾದರಿ ಯಾವ ದೇಶದ್ದೆಂದು ನೋಡದೆ ಹೊರಟರೆ ಸ್ವೆಟರು ಅರ್ಧದಷ್ಟೇ ಉದ್ದವಾದೀತು.

ಹೊಸಬರು ಎಲ್ಲಕ್ಕಿಂತ ಹೆಚ್ಚಾಗಿ ಉಪೇಕ್ಷಿಸುವುದು ನಮೂನೆಯ ತುಂಡನ್ನು. ದಾರ, ಕಡ್ಡಿ ಒಂದೇ ಆದರೂ ಒಬ್ಬರ ಕೈ ಬಿಗಿ, ಇನ್ನೊಬ್ಬರದು ಸಡಿಲ. ಉಡುಪಿನ ಅಳತೆ ಹುಟ್ಟುವುದು ಹೆಣೆಯುವವರ ಕೈಯಲ್ಲಿ. ಆದುದರಿಂದ ಮೊದಲು ಒಂದು ಉಂಡೆ ನೂಲು ತಂದು, 15 ಸೆಂಟಿಮೀಟರ್ ಚೌಕದ ತುಂಡನ್ನು ಹೆಣೆದು, ಅದರ ನಡುವಿನ 10 ಸೆಂಟಿಮೀಟರಿನಲ್ಲಿ ಎಷ್ಟು ಕಂಬಗಳು, ಎಷ್ಟು ಸಾಲುಗಳು ಇವೆಯೆಂದು ಎಣಿಸಬೇಕು. 14 ಕಂಬ, 8 ಸಾಲು ಬಂದವೆನ್ನೋಣ. ಎದೆಯ ಸುತ್ತಳತೆ 92 ಸೆಂಟಿಮೀಟರ್ ಇರುವವರಿಗೆ ಬೆನ್ನಿನ ತುಂಡು 50 ಅಗಲ, ಮುಂಭಾಗದ ಎರಡು ತುಂಡುಗಳು ತಲಾ 22 ಅಗಲ, ಎಲ್ಲವೂ 55 ಉದ್ದ ಬೇಕು. ಅಂದರೆ ಬೆನ್ನಿಗೆ 70 ಕಂಬ, ಮುಂಭಾಗಕ್ಕೆ 31 ಮತ್ತು 31, ಒಟ್ಟು 132 ಕಂಬ; ಸಾಲುಗಳು 44. ಈಗ ಬಿಗಿ ಕೈಯವರು 10 ಸೆಂಟಿಮೀಟರಿಗೆ 16 ಕಂಬ ಹಾಕುತ್ತ ಇದೇ 132ನ್ನು ನಂಬಿ ಹೆಣೆದರೆ, 94 ಸೆಂಟಿಮೀಟರ್ ಆಗಬೇಕಾದ ಒಟ್ಟು ಅಗಲ ಸುಮಾರು 82ಕ್ಕೆ ಇಳಿಯುತ್ತದೆ. ಹನ್ನೆರಡು ಸೆಂಟಿಮೀಟರಿನ ಈ ಕೊರತೆ ಮುಗಿದ ಸ್ವೆಟರಿನಲ್ಲಿ ಹೇಗೂ ತುಂಬುವಂಥದಲ್ಲ!

ಅದೇ ತುಂಡನ್ನು ತೂಗಿದರೆ ನೂಲಿನ ಅಂದಾಜೂ ಸಿಗುತ್ತದೆ. ತುಂಡು 225 ಚದರ ಸೆಂಟಿಮೀಟರ್. ಇಡೀ ಸ್ವೆಟರು 94 × 55, ಅಂದರೆ 5,170. ಸುಮಾರು 23 ಪಟ್ಟು. ತುಂಡಿನ ತೂಕ 12 ಗ್ರಾಮಾದರೆ ಬೇಕಾದ ನೂಲು 276 ಗ್ರಾಂ. ಹತ್ತನೆಯ ಒಂದು ಭಾಗ ಮೀಸಲು ಸೇರಿಸಿದರೆ 300ಕ್ಕೆ ಕೊಂಚ ಮೇಲೆ. 50 ಗ್ರಾಮಿನ ಏಳು ಉಂಡೆಗಳನ್ನು, ಚೀಟಿಯ ಮೇಲಿನ ಲಾಟ್ ನಂಬರು ಒಂದೇ ಆಗಿರುವಂತೆ ನೋಡಿ, ಒಟ್ಟಿಗೇ ಕೊಳ್ಳಿರಿ. ಬೇರೆ ಲಾಟಿನ ಬಣ್ಣ ಅಂಗಡಿಯಲ್ಲಿ ಒಂದೇ ಎನಿಸಿದರೂ ಮೈಮೇಲೆ ಪಟ್ಟೆಯಾಗಿ ಕಾಣುತ್ತದೆ.

ಬೆನ್ನಿಗೆ 72 ಸರಪಳಿ ಹಾಕಿ, ಕಡ್ಡಿಯಿಂದ ನಾಲ್ಕನೆಯದರಲ್ಲಿ ಕಂಬವನ್ನು ಆರಂಭಿಸಬೇಕು. ಬಿಟ್ಟ ಮೂರು ಸರಪಳಿಗಳೇ ಮೊದಲನೆಯ ಕಂಬವೆಂದು ಎಣಿಕೆ. ಹೀಗೆ 70 ಆಗುತ್ತವೆ. ಪ್ರತಿ ಸಾಲಿನ ಕೊನೆಗೆ ತಿರುಗಿಸಿ ಮೂರು ಸರಪಳಿ ಹಾಕಿ, ಬುಡದ ಕಂಬವನ್ನು ಬಿಟ್ಟು ಮುಂದಿನದರಲ್ಲಿ ಹೆಣೆಯಬೇಕು. ಸಾಲಿನ ಕೊನೆಯ ಕಂಬ ಬೀಳಬೇಕಾದುದು ಹಿಂದಿನ ಸಾಲಿನ ಆ ಮೂರು ಸರಪಳಿಗಳ ತುದಿಯಲ್ಲಿ. ಅದು ಕಂಬದಂತೆ ಕಾಣುವುದಿಲ್ಲವಾದ್ದರಿಂದ ಹೊಸಬರು ಬಿಟ್ಟುಬಿಡುತ್ತಾರೆ. ಸಾಲಿಗೆ ಒಂದರಂತೆ ಬಿಡುತ್ತ ಹೋದರೆ 44ನೆಯ ಸಾಲಿನಲ್ಲಿ 70ರ ಬದಲು 27 ಕಂಬಗಳು ಉಳಿದು, ಸ್ವೆಟರಿನ ಬದಲು ಗಾಳಿಪಟ ತಯಾರಾಗುತ್ತದೆ. ಅನೇಕರು ಕಡ್ಡಿಯನ್ನು ಕೆಳಗಿಡುವುದು ಇಲ್ಲಿಯೇ, ‘ನನ್ನ ಕೈಗೆ ಇದು ಹತ್ತುವುದಿಲ್ಲ’ ಎಂದು. ದೋಷ ಕೈಯದಲ್ಲ, ಲೆಕ್ಕದ್ದು. ಬ್ಯಾಂಕಿನಲ್ಲಿ ದಿನದ ನಗದು ತಾಳೆಯಾಗದೆ ನಾವು ಮನೆಗೆ ಹೊರಡುವುದಿಲ್ಲ. ಹಾಗೆಯೇ ಪ್ರತಿ ಸಾಲನ್ನೂ ಎಣಿಸಿಯೇ ಮುಂದುವರಿಯಿರಿ. ಹತ್ತು ಕಂಬಗಳಿಗೊಂದು ಪಿನ್ನು ಚುಚ್ಚಿಟ್ಟರೆ ಎಣಿಕೆ ಅರ್ಧ ನಿಮಿಷದ ಕೆಲಸ.

ಮುಂಭಾಗದ ತುಂಡುಗಳಿಗೆ 33 ಸರಪಳಿ. ಉಳಿದುದೆಲ್ಲ ಅದೇ ರೀತಿ. ಜೋಡಿಸುವಾಗ ಪ್ರತಿ ಭುಜದಲ್ಲಿ ಹೊರಗಿನ ಅಂಚಿನಿಂದ 15 ಸೆಂಟಿಮೀಟರ್ ಮಾತ್ರ ಹೊಲಿಯಿರಿ. ಕುತ್ತಿಗೆಗೆ 20 ಸೆಂಟಿಮೀಟರ್ ಉಳಿಯುತ್ತದೆ. ಮುಂಭಾಗದಲ್ಲಿ ಮಿಕ್ಕ 7 ಸೆಂಟಿಮೀಟರ್ ತಾನೇ ಮಡಚಿಕೊಂಡು ಕಾಲರಾಗುತ್ತದೆ. ಕಂಕುಳಿಗೆ ಭುಜದಿಂದ 24 ಸೆಂಟಿಮೀಟರ್ ಬಿಡಬೇಕು. ಕೆಳಗೆ 8 ಸೆಂಟಿಮೀಟರ್ ಸೀಳು ಬಿಟ್ಟರೆ ಕುಳಿತಾಗ ಬಿಗಿಯುವುದಿಲ್ಲ. ಎದುರಿಗೆ ಕಸೆ ಬೇಡ, ನಡುಗುವ ಬೆರಳುಗಳಿಗೆ ಗಂಟು ಬಿಚ್ಚುವುದು ಕಷ್ಟ. ಒಂದು ಬದಿಗೆ ದೊಡ್ಡ ಗುಂಡಿ, ಇನ್ನೊಂದು ಬದಿಗೆ ಸರಪಳಿಯ ಉದ್ದನೆಯ ಕುಣಿಕೆ ಸಾಕು.

ನೂಲಿನ ಆಯ್ಕೆಯಲ್ಲಿ ಒಂದು ಎಚ್ಚರಿಕೆ. ಅಕ್ರಿಲಿಕ್ ಅಗ್ಗ, ಒಗೆಯಲು ಸುಲಭ. ಆದರೆ ಬೆಂಕಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಉಣ್ಣೆ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಮುಂಜಾನೆ ಗ್ಯಾಸಿನ ಒಲೆಯ ಮುಂದೆ ನಿಲ್ಲುವ, ದೇವರ ದೀಪ ಹಚ್ಚುವ ಹಿರಿಯರಿಗೆ ಖರ್ಚು ಹೆಚ್ಚಾದರೂ ಮೃದುವಾದ ಉಣ್ಣೆಯೇ ಲೇಸೆಂದು ನನ್ನ ಅಭಿಪ್ರಾಯ.

ಹೆಣೆಯುವವರ ಆರೋಗ್ಯವೂ ಮುಖ್ಯ. ಕಡ್ಡಿಯನ್ನು ಬಿಗಿಯಾಗಿ ಹಿಡಿಯಬಾರದು; ಅರ್ಧ ಗಂಟೆಗೊಮ್ಮೆ ನಿಲ್ಲಿಸಿ ಬೆರಳು, ಕುತ್ತಿಗೆಗಳನ್ನು ಸಡಿಲಿಸಬೇಕು. ಹೆಬ್ಬೆರಳ ಬುಡದಲ್ಲಿ ನೋವು ಉಳಿದರೆ, ಇಲ್ಲವೆ ರಾತ್ರಿ ಬೆರಳುಗಳು ಜೋಮು ಹಿಡಿದರೆ ಕೆಲಸ ನಿಲ್ಲಿಸಿ ವೈದ್ಯರನ್ನು ಕಾಣಿರಿ.

ಭುಜ ಹಿಡಿದವರಿಗೆ ತೊಡಿಸುವಾಗ ನೋವಿರುವ ತೋಳನ್ನು ಮೊದಲು ಹಾಕಿಸಬೇಕು; ತೆಗೆಯುವಾಗ ಅದನ್ನು ಕೊನೆಗೆ. ಉಣ್ಣೆಯ ಸ್ವೆಟರನ್ನು ತಣ್ಣೀರಿನಲ್ಲಿ ಒಗೆದು, ಹಿಂಡದೆ, ಟವೆಲಿನಲ್ಲಿ ಒತ್ತಿ ನೀರು ತೆಗೆದು, ನೆರಳಿನಲ್ಲಿ ಚಾಪೆಯ ಮೇಲೆ ಹರಡಿ ಒಣಗಿಸಿರಿ. ಹಗ್ಗಕ್ಕೆ ನೇತುಹಾಕಿದರೆ ಒದ್ದೆಯ ಭಾರಕ್ಕೆ ಅದು ಉದ್ದಕ್ಕೆ ಜಗ್ಗುತ್ತದೆ.